ಯತ್ತಪ್ಪನ ಇಪ್ಪತ್ತಮೂರು ಬಲ್ಬು

"ನಮ್ಮನೆಗೆ ಎಷ್ಟು ದೀಪ ಬೇಕು ಅನ್ನೋದನ್ನ ನಾನೇ ಲೆಕ್ಕ ಹಾಕ್ತೀನಿ. ನೂರಾ ನಲವತ್ತು ಕುರಿ ಎಣಿಸೋ ಗಂಡಸಿಗೆ ಇದೇನು ಮಹಾ!" ಎಂದು ಯತ್ತಪ್ಪ ಮೀಸೆ ತಿರುವಿದ.

ಎಪ್ಪತ್ತನಾಲ್ಕನೇ ಇಸವಿ. ಹಾಲುರಾಮೇಶ್ವರದ ಪಕ್ಕದ ಆ ಹಟ್ಟಿಗೆ ಕರೆಂಟು ಕಂಬಗಳು ಬಂದು ನಿಂತಿದ್ದವು. ಹೊಸದುರ್ಗದ ವೈರಿಂಗ್ ಮೇಸ್ತ್ರಿ ಜುಂಜಣ್ಣ, "ಯಾರಿಗೆ ಎಷ್ಟು ಬಲ್ಬು ಅಂತ ನಾಳೆ ಬೆಳಗ್ಗೆ ಹೇಳಿಬಿಡ್ರಿ, ಬರ್ಕೊಂಡು ಹೋಗ್ತೀನಿ" ಎಂದು ಮನೆಮನೆಗೂ ಸಾರಿದ್ದ.

ಯತ್ತಪ್ಪನ ಹೆಂಡತಿ ಮುದ್ದಕ್ಕನ ಬೇಡಿಕೆ ಒಂದೇ. "ಒಲೆ ಹತ್ರ ಒಂದು ಹಾಕಿಸ್ರಿ, ಸಾಕು. ಇರೋ ಒಂದು ಲಾಟೀನು ನೀವು ಹೊರಗೆ ತಗೊಂಡ್ಹೋದ್ರೆ ನಾನು ಒಲೆ ಉರೀಲೇ ಸಾರು ಕಾಸ್ಬೇಕು. ಮೊನ್ನೆ ಎರಡು ಸಲ ಉಪ್ಪು ಬಿತ್ತು!"

"ಒಂದಂತೆ ಒಂದು! ತುರುವನೂರಾಗೆ ನಿಮ್ಮಣ್ಣ ಐದು ಬಲ್ಬು ಹಾಕ್ಸಿ, ಬಂದಾಗೆಲ್ಲ ಅದೇ ಪುರಾಣ ಊದ್ತಾನೆ. ಅವನ ಮುಂದೆ ನಾನು ಒಂದು ಅನ್ಲಾ? ಸುಮ್ನಿರೇ!"

ಅಂದು ದೀಪ ಹಚ್ಚುವ ಹೊತ್ತಿಗೆ ಯತ್ತಪ್ಪನ ಮಹಾಗಣತಿ ಆರಂಭವಾಯಿತು. ರೊಪ್ಪದ ಬಾಗಿಲಲ್ಲಿ ಕೂತು, ಒಳಗೆ ಹೋಗುವ ಒಂದೊಂದು ಕುರಿಗೂ ಒಂದೊಂದು ಕಲ್ಲು ಮಡಿಲಿಗೆ ಹಾಕಿಕೊಳ್ಳುವುದು ಅವನ ಅಪ್ಪ ಕಲಿಸಿದ್ದ ಲೆಕ್ಕ. ಎಣಿಸುವಾಗ ಮಾತಾಡಬಾರದು, ಯಾರು ಕರೆದರೂ ಓಗೊಡಬಾರದು. ಅದೇ ಶಾಸ್ತ್ರದಂತೆ ನಡುಮನೆಯಲ್ಲಿ ರಾಗಿ ತುಂಬಿಡುವ ದೊಡ್ಡ ವಾಡೆಯ ಹಿಂದೆ, ಕತ್ತಲಲ್ಲಿ, ಕರಿ ಕಂಬಳಿ ಹೊದ್ದು ಕೂತ. ಹೊಸ್ತಿಲು ದಾಟಿ ದೀಪ ಬಂದರೆ ಒಂದು ಕಲ್ಲು!

ದೀಪ ಬಂತು, ಒಂದು. ಹೋಗಿ ಮತ್ತೆ ಬಂತು, ಎರಡು. ಹತ್ತಾಯಿತು, ಹದಿನೈದಾಯಿತು. ಅಯ್ಯೋ ಶಿವನೇ, ಇಷ್ಟು ವರ್ಷ ಎಂಥ ಕತ್ತಲಲ್ಲಿ ಬಾಳಿದ್ದೇವೆ! ಯತ್ತಪ್ಪನಿಗೆ ತನ್ನ ಮೇಲೆ ತನಗೇ ಕನಿಕರ ಉಕ್ಕಿತು. ನಡುವೆ ಮುದ್ದಕ್ಕ, "ಎಲ್ಲಿ ಹೋದ್ರಪ್ಪಾ, ಮುದ್ದೆ ಆರ್ತಾ ಐತೆ!" ಎಂದು ಕೂಗಿದಳು. ಅವನು ತುಟಿ ಬಿಗಿಹಿಡಿದು ಇನ್ನೊಂದು ಕಲ್ಲು ಹಾಕಿಕೊಂಡ. ಗಣತಿ ಮುಗಿಸಿ, ಎಲ್ಲಿದ್ದೆನೆಂದು ಬಾಯಿ ಬಿಡದೆ, ತಣ್ಣನೆಯ ಮುದ್ದೆಯನ್ನು ರಾಜಗಾಂಭೀರ್ಯದಿಂದ ನುಂಗಿದ.

ಬೆಳಗ್ಗೆ ಜುಂಜಣ್ಣ ಬಂದ.

"ಬರ್ಕಳಪ್ಪ, ಇಪ್ಪತ್ತಮೂರು!"

ಮೇಸ್ತ್ರಿಯ ಕೈಯಿಂದ ಪೆನ್ಸಿಲ್ ಜಾರಿತು. "ಇದು ಮನೇನಾ, ಸಿನಿಮಾ ಟೆಂಟಾ? ಅಷ್ಟಕ್ಕೆ ಬೇರೆ ಅರ್ಜಿ ಹಾಕ್ಬೇಕು ಯತ್ತಪ್ಪ. ಮಂಜೂರಾಗಾಕೆ ಒಂದು ವರ್ಷ. ಈ ಸಲ ನಿಮ್ಮನೆ ಬಿಟ್ಟು ಮುಂದಕ್ಕೆ ಹೋಗ್ತೀನಿ."

ಒಲೆ ಹತ್ತಿರದ ಬಲ್ಬು ಒಂದು ವರ್ಷ ದೂರ ಓಡಿದ್ದು ಕೇಳಿ ಮುದ್ದಕ್ಕ ಒಳಗಿಂದ ಧಾವಿಸಿ ಬಂದಳು. "ನಿಲ್ರಿ ಮೇಸ್ತ್ರಿ! ಇಪ್ಪತ್ತಮೂರು ಎಲ್ಲಿಂದ ಬಂತು?"

ಯತ್ತಪ್ಪ ಹೆಮ್ಮೆಯಿಂದ ಕಲ್ಲುಗಳನ್ನು ಜಗಲಿಯ ಮೇಲೆ ಸುರಿದು, ಗಣತಿಯ ಶಾಸ್ತ್ರವನ್ನು ವಿವರಿಸಿದ.

"ಈಗ ಮನೇಲಿ ಲಾಟೀನು ಎಷ್ಟು ಅವೆ?" ಎಂದ ಜುಂಜಣ್ಣ.

"ಒಂದು."

"ಅಲ್ಲಪ್ಪಾ, ಒಂದೇ ಕುರಿ ಇಪ್ಪತ್ತಮೂರು ಸಲ ಬಾಗಿಲು ದಾಟಿದ್ರೆ ಮಂದೆ ಆಗ್ತೈತಾ?"

ಯತ್ತಪ್ಪನ ಮೀಸೆ ಇಳಿಯಿತು. ಆದರೂ ಪಟ್ಟು ಬಿಡಲಿಲ್ಲ. "ಹಂಗಾದ್ರೆ ಇವಳು ಅಷ್ಟು ಸಲ ಯಾಕೆ ಓಡಾಡಿದ್ಲು? ಬೆಳಕು ಬೇಕಾಗಿತ್ತು ತಾನೇ?"

ಮುದ್ದಕ್ಕ ಕಲ್ಲುಗಳನ್ನು ಬೇರೆ ಮಾಡಿದಳು. "ಇವೆರಡು ಸೌದೆಗೆ. ಇವೆರಡು ನೀರಿಗೆ. ಇದು ಕುರಿಮರಿ ನೋಡಾಕೆ." ಉಳಿದ ರಾಶಿಯನ್ನು ಗಂಡನ ಕಾಲಿನತ್ತ ತಳ್ಳಿದಳು. "ಈ ಹದಿನೆಂಟೂ ನಿಮ್ಮನ್ನ ಹುಡುಕಾಕೆ!"

ಜುಂಜಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಯತ್ತಪ್ಪನಿಗೂ ನಗು ತಡೆಯಲಾಗಲಿಲ್ಲ. "ಆಯ್ತು ಬರ್ಕಳಪ್ಪ. ಮೊದ್ಲು ಒಲೆ ಹತ್ರ ಒಂದು. ಆಮೇಲೆ ರೊಪ್ಪಕ್ಕೊಂದು."

ಮುದ್ದಕ್ಕನ ಮುಖ ಕರೆಂಟು ಬರುವ ಮೊದಲೇ ಬೆಳಗಿತು.

"ನಡುಮನೆಗೂ ಒಂದು ಹಾಕಾಣ?" ಎಂದ ಮೇಸ್ತ್ರಿ.

"ಬ್ಯಾಡ್ರಿ," ಎಂದಳು ಮುದ್ದಕ್ಕ. "ಅದ್ರ ಬದ್ಲು ಇವ್ರ ಕೊರಳಿಗೆ ಒಂದು ಗಂಟೆ ಕಟ್ಟಿಬಿಡ್ರಿ!"