ಅತ್ತೆಯ ಮೂಗಿನ ಮೇಲಿನ ಕನ್ನಡಕ

ಹಾನರ್ ಟಾರ್ಪಿ ಶುಕ್ರವಾರ ಸಂಜೆ ಕುರ್ಚಿಯಿಂದ ಜಾರಿ ಬಿದ್ದು ಸತ್ತಳು. ಅವಳ ಜೊತೆಗೆ ಅವಳ ಕನ್ನಡಕವೂ ಒಡೆದು ಹೋಯಿತು. ಅವಳ ಅಣ್ಣನ ಮಗ ಫಿಂಟನ್‌ನ ಕಷ್ಟ ಶುರುವಾದದ್ದು ಸಾವಿನಿಂದಲ್ಲ, ಆ ಕನ್ನಡಕದಿಂದ.

ಶನಿವಾರ ಬೆಳಿಗ್ಗೆ ಹೆಣ ಮಲಗಿಸಿ, ಮೇಣದಬತ್ತಿ ಹಚ್ಚಿ, ಜಪಮಣಿ ಕೈಗೆ ಸುತ್ತಿದ ಮೇಲೆ ಪಕ್ಕದ ಮನೆಯ ಡೀಲಿಯಾ ಕನೇನ್ ಹಿಂದೆ ಸರಿದು ನಿಂತು ನೋಡಿದಳು.

"ಯಾಕೋ ಹಾನರ್ ಥರಾನೇ ಇಲ್ಲ ಕಣೋ. ಕನ್ನಡಕ ಇಲ್ದೆ ರಿಟೈರಾದ ಪೊಲೀಸಿನೋನ ಹಾಗೆ ಕಾಣ್ತಾಳೆ." ಹಾಗೆನ್ನುತ್ತಲೇ ಫಿಂಟನ್‌ನ ಮೂಗಿನ ಮೇಲಿದ್ದದ್ದನ್ನು ಕಿತ್ತು ಹೆಣಕ್ಕೆ ಏರಿಸಿದಳು.

"ಅಕ್ಕಾ, ಅದು ನಂದು! ಇವತ್ತು ನಾನು ಓದೋದಿದೆ."

"ಜನ ಬರೋ ಹೊತ್ತು. ಅವಳ ಮುಖ ನೋಡ್ತಾರೋ, ನಿನ್ನ ಮುಖ ನೋಡ್ತಾರೋ?"

ಓದುವುದಿದ್ದದ್ದು ನಿಜ. ಪಾಳು ಮಠದ ಗೋಡೆಯೊಳಗೇ ತನ್ನನ್ನು ಹೂಳಬೇಕು, ಪೆಟ್ರೋಲ್ ಬಂಕಿನ ಹಿಂದಿನ ಹೊಸ ಸ್ಮಶಾನಕ್ಕೆ ಹಾಕಿದರೆ ಎದ್ದು ಬರುತ್ತೇನೆ ಎಂದು ಅತ್ತೆ ಅವನಿಂದ ಮಾತು ತೆಗೆದುಕೊಂಡಿದ್ದಳು. ಮಠದ ಜಾಗ ಒಂದು ಕಾಲಕ್ಕೆ ಎಸ್ಟೇಟಿನ ಧಣಿಯದು. ಹಕ್ಕಿನ ಕಾಗದ ತೋರಿಸಿದವರಿಗೆ ಮಾತ್ರ ಅಲ್ಲಿ ಗುಂಡಿ. ಧಣಿಯ ಮನೆಯ ಪತ್ರಗಳೆಲ್ಲ ಪೇಟೆಯ ಲೈಬ್ರರಿಯ ಮಹಡಿಯಲ್ಲಿದ್ದವು, ಶನಿವಾರ ಮಧ್ಯಾಹ್ನಕ್ಕೇ ಅದು ಮುಚ್ಚುತ್ತದೆ. ಮಣ್ಣು ಸೋಮವಾರ. ಸೋಮವಾರ ನಮ್ಮಲ್ಲಿ ಯಾರೂ ಗುಂಡಿಗೆ ನೆಲ ಒಡೆಯುವುದಿಲ್ಲ, ಭಾನುವಾರವೇ ತೋಡಿಡಬೇಕು. ಸತ್ತವರ ಮನೆಯವರು ಸಲಿಕೆ ಮುಟ್ಟುವಂತೆಯೂ ಇಲ್ಲ. ಅದು ನೆರೆಹೊರೆಯವರ ಕೆಲಸ.

"ಗುಂಡಿಗೆ ನಾನಿದ್ದೀನಿ, ಕನೇನ್ ಹುಡುಗ್ರಿದ್ದಾರೆ. ನಡಿ, ಕಾಗದ ಹುಡುಕೋಣ," ಎಂದು ನೆರೆಯ ಮ್ಯಾಟಿ ಲೂಬಿ ಕಾರು ತಂದ. ಮ್ಯಾಟಿ ದನದ ಸಂತೆಯಲ್ಲಿ ಹರಾಜು ಕೂಗುವವನು. ಚರ್ಚಿನಲ್ಲಿ ಅವನು ಆಮೆನ್ ಎಂದರೆ ಹಿಂದಿನ ಸಾಲಿನವರು ಬೆಲೆ ಏರಿಸಿಬಿಟ್ಟಾರು.

ಲೈಬ್ರರಿಯಲ್ಲಿ ಫಿಂಟನ್ ಮೊದಲು ಕೋಟು ನೇತುಹಾಕುವ ಕಂಬಕ್ಕೆ ನಮಸ್ಕಾರ ಹೇಳಿದ. ಆಮೇಲೆ ಪತ್ರಗಳನ್ನು ಕಾಯುವ ಮಿಸ್ ಗ್ರೀಲಿಷ್‌ಗೆ ಹೇಳಿದ.

"ಕೋಟು ಹೊರಗೆ. ಪೆನ್ನು ಹೊರಗೆ," ಎಂದಳು ಅವಳು. "ಜೇಬಲ್ಲೇನದು?"

"ಸಾವಿನ ಮನೆ ಸ್ಯಾಂಡ್‌ವಿಚ್ ಅಮ್ಮಾ."

"ಅದೂ ಹೊರಗೆ."

ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬಂತು. ಅಂಚೆ ಖರ್ಚು ಉಳಿಸಲು ಹಿಂದಿನವರು ಒಂದು ಹಾಳೆ ತುಂಬಿದ ಮೇಲೆ ಅದನ್ನೇ ತಿರುಗಿಸಿ ಅಡ್ಡಡ್ಡ ಬರೆಯುತ್ತಿದ್ದರು, ಒಂದೇ ಹೊಲವನ್ನು ಎರಡು ಸಲ ಉತ್ತ ಹಾಗೆ. ಫಿಂಟನ್ ಹಾಳೆಯ ಮೇಲೆ ಬಾಗಿ ಬಾಗಿ ನೋಡಿದ.

"ಮೂಗು ತಾಗಿಸಬೇಡಿ," ಎಂದಳು ಮಿಸ್ ಗ್ರೀಲಿಷ್.

ಅವನು ಸೀನಿದ. ಅವಳು ಕಣ್ಣು ಮುಚ್ಚಿಕೊಂಡಳು. ಕಡೆಗೆ ತಾನೇ ಒಂದು ಪತ್ರ ಹುಡುಕಿ ತಂದು ಇಟ್ಟಳು. ಲಂಡನ್ನಿನಲ್ಲಿದ್ದ ಧಣಿಗೆ ಅವನ ಏಜೆಂಟ ಬರೆದದ್ದು.

"ನೀನೇ ಓದು ಮ್ಯಾಟಿ. ನಂಗೆ ಇರುವೆ ಸಾಲು ಕಂಡ ಹಾಗಾಗ್ತಿದೆ."

ಮ್ಯಾಟಿಗೆ ಮೆಲ್ಲಗೆ ಓದಲು ಬರುತ್ತಿರಲಿಲ್ಲ. "ಮಠದ ಪೂರ್ವದ ಮೂಲೆಯನ್ನು ಬಾರ್ಥಲೋಮ್ಯೂ ಟಾರ್ಪಿಗೂ ಅವನ ಸಂತತಿಗೂ ಶಾಶ್ವತವಾಗಿ ಕೊಟ್ಟಿದ್ದೇನೆ!" ಕಿಟಕಿ ಗಾಜು ಅದುರಿತು. ಓದಲು ಬಂದಿದ್ದ ಮುದುಕಿಯರು ತಲೆ ಎತ್ತಿದರು.

"ಮುಂದೆ ಓದು," ಎಂದ ಫಿಂಟನ್, ಕಣ್ಣೊರೆಸಿಕೊಳ್ಳುತ್ತ. ಅಲ್ಲಿಗೇ ಸಾಕು ಅನ್ನಬಹುದಿತ್ತು.

"ನಮ್ಮ ತೋಪಿನ ಮರ ಕದ್ದವರ ಹೆಸರನ್ನು ಗುಟ್ಟಾಗಿ ತಿಳಿಸಿದ ಉಪಕಾರಕ್ಕಾಗಿ! ಆ ಇಬ್ಬರನ್ನೂ ಹೊರಗೆ ಹಾಕಿ ಮನೆಯ ಸೂರು ಕೀಳಿಸಿದ್ದೇನೆ! ಒಬ್ಬ ಮಾರ್ಟಿನ್ ಕನೇನ್, ಇನ್ನೊಬ್ಬ..."

ಮ್ಯಾಟಿಯ ದನಿ ಹುಟ್ಟಿದಾಗಿನಿಂದ ಮೊದಲ ಸಲ ತಗ್ಗಿತು.

"ಇನ್ನೊಬ್ಬ ಯಾರಪ್ಪಾ?" ಎಂದಳು ಒಬ್ಬ ಮುದುಕಿ.

"ಮ್ಯಾಥ್ಯೂ ಲೂಬಿ," ಎಂದ ಮ್ಯಾಟಿ. ಅದು ಅವನದೇ ಪೂರ್ತಿ ಹೆಸರು, ಮನೆತನದ ಹಿರಿಯನಿಂದ ಬಂದದ್ದು.

"ಮ್ಯಾಟಿ, ನಾನಾಗ ಹುಟ್ಟಿರ್ಲಿಲ್ಲ ಕಣೋ," ಎಂದ ಫಿಂಟನ್.

"ಆ ಮುದುಕ ರಸ್ತೆ ಪಕ್ಕದ ಹಳ್ಳದಲ್ಲಿ ಸತ್ತ. ಹೇಳಿಕೊಟ್ಟೋನು ಯಾರು ಅಂತ ನಮ್ಮನೇಲಿ ಇವತ್ತಿಗೂ ಕೇಳ್ತೀವಿ. ನೀನು ಹುಟ್ಟಿರ್ಲಿಲ್ಲ, ನಿನ್ನ ಗುಂಡಿ ಹುಟ್ಟಿತ್ತಲ್ಲ!"

ಕಾರು ಒಬ್ಬನನ್ನೇ ಹೊತ್ತು ಹೋಯಿತು. ಮಿಸ್ ಗ್ರೀಲಿಷ್ ಮುದ್ರೆ ಒತ್ತಿ ಕೊಟ್ಟ ನಕಲನ್ನು ಅಂಗಿಯೊಳಗೆ ಇಟ್ಟುಕೊಂಡು ಫಿಂಟನ್ ಮಳೆಯಲ್ಲಿ ನಡೆದು ಬಂದ.

ಮ್ಯಾಟಿಯ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಅಡಿಗೆಮನೆ ತುಂಬ ಅರ್ಧ ಕುಡಿದ ಚಹಾದ ಲೋಟಗಳಿದ್ದವು, ಜನವಿರಲಿಲ್ಲ. ಹೆಣದ ಪಕ್ಕ ಡೀಲಿಯಾ ಒಬ್ಬಳೇ ಕೂತಿದ್ದಳು. ಅವನನ್ನು ಕಂಡು ಎದ್ದಳು.

"ಹೆಣವನ್ನ ಒಂಟಿ ಬಿಡಬಾರ್ದು ಅಂತ ಕೂತಿದ್ದೆ. ಈಗ ನೀನು ಬಂದ್ಯಲ್ಲ."

"ಅಕ್ಕಾ, ಮಠ ಬೇಡ. ಹೊಸ ಸ್ಮಶಾನಕ್ಕೇ ಹಾಕ್ತೀನಿ."

"ಅಲ್ಲೂ ಗುಂಡಿ ತಾನಾಗೇ ತೋಡ್ಕೊಳ್ಳಲ್ಲ ಕಣಪ್ಪ." ಬಾಗಿಲು ಮುಚ್ಚಿತು.

ಅತ್ತೆ ಅವನ ಕನ್ನಡಕದೊಳಗಿಂದ ಸೂರು ನೋಡುತ್ತಿದ್ದ ಹಾಗಿತ್ತು. ಅದನ್ನು ತೆಗೆಯಲು ಅವನಿಗೆ ಕೈ ಬರಲಿಲ್ಲ.

ಭಾನುವಾರ ಬೆಳಕು ಹರಿಯುವಾಗ ಕೊಟ್ಟ ಮಾತು ಕೊರೆಯುತ್ತಿತ್ತು. ಹೆಣವನ್ನು ಪಾದ್ರಿಯ ಸುಪರ್ದಿಗೆ ಬಿಟ್ಟು, ರೂಢಿ ಮುರಿದು, ಸಲಿಕೆ ಹೊತ್ತು ಮಠಕ್ಕೆ ಹೋದ. ಪೂರ್ವದ ಮೂಲೆಯಲ್ಲಿ ಮಣ್ಣು ಮೇಲಕ್ಕೆ ಹಾರುತ್ತಿತ್ತು. ಗುಂಡಿಯೊಳಗೆ ಮ್ಯಾಟಿ ಮತ್ತು ಕನೇನ್ ಹುಡುಗರು ಎದೆಯ ಮಟ್ಟಕ್ಕೆ ಇಳಿದಿದ್ದರು.

ಫಿಂಟನ್ ಗುಂಡಿಯ ಅಂಚಿಗೆ ಬಂದು ನಿಂತ. "ಮ್ಯಾಟಿ, ಹೇಗಪ್ಪಾ ಈ ಋಣ..."

"ನಿನಗಲ್ಲ. ನಮ್ಮಮ್ಮ ಹೋದಾಗ ಹಾನರ್ ರಾತ್ರಿಯಿಡೀ ಕೂತಿದ್ಲು. ಅವಳಿಗೆ." ಮ್ಯಾಟಿ ಅವನ ಕೈಯ ಸಲಿಕೆ ನೋಡಿದ. "ಅದನ್ನ ಜೋಪಾನವಾಗಿ ಇಟ್ಕೋ. ನಿಂಗೆ ಬೇಕಾಗತ್ತೆ. ನಿಂದು ನೀನೇ ತೋಡ್ಕೋಬೇಕು."

ಸೋಮವಾರ ಶವಪೆಟ್ಟಿಗೆಯ ಮುಚ್ಚಳಕ್ಕೆ ಕಡೆಯ ತಿರುಪು ಬಿದ್ದ ಮೇಲೆ ಫಿಂಟನ್‌ಗೆ ಕನ್ನಡಕ ನೆನಪಾಯಿತು. ತೆಗೆಯಿರಿ ಎಂದು ಕೇಳುವಷ್ಟು ಸಲುಗೆ ಅಲ್ಲಿ ಯಾರ ಹತ್ತಿರವೂ ಉಳಿದಿರಲಿಲ್ಲ. ಅತ್ತೆ ಅದನ್ನು ಹಾಕಿಕೊಂಡೇ ಹೋದಳು. ಬಾರ್ಥಲೋಮ್ಯೂವಿನ ಮುಖ ಸರಿಯಾಗಿ ನೋಡಲು ಅವಳಿಗೂ ಬೇಕಿತ್ತೇನೋ. ಇತ್ತ ಫಿಂಟನ್ ಗುಂಡಿಯ ಬಳಿ ಮಂಜುಗಣ್ಣಿನಲ್ಲಿ ನಿಂತಿದ್ದ. ಬಂದವರಲ್ಲಿ ಯಾರು ತಲೆದೂಗಿದರು, ಯಾರು ಮುಖ ತಿರುಗಿಸಿದರು, ಅವನಿಗೆ ಕಾಣಲಿಲ್ಲ. ಎಲ್ಲರಿಗೂ ನಮಸ್ಕಾರ ಹೇಳಿದ.