ಹಾಜರಿ ಕೂಗಿದ ಹಾಗೆ ಹಾಡಿದ್ದು

ಟೀಕೆಯನ್ನು ನಗುನಗುತ್ತ ಸ್ವೀಕರಿಸಬೇಕು ಎಂದು ಬುದ್ಧಿ ಹೇಳುವವರಲ್ಲಿ ಒಬ್ಬರೂ ಆಲ್ಬಮ್ ಮಾಡಿದವರಲ್ಲ. ನಾನು ಮಾಡಿದ್ದೇನೆ, ನಗುವುದಿಲ್ಲ. ಮೂಡಿಗೆರೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡು, ತಲೆ ಅರ್ಧ ಬೆಳ್ಳಗಾದ ಮೇಲೆ ರಾಕ್ ಬ್ಯಾಂಡ್ ಕಟ್ಟಿದವನಿಗೆ ವಿನಯ ಎಲ್ಲಿಂದ ಬರಬೇಕು? ಬ್ಯಾಂಡಿನ ಹೆಸರು ‘ಬೋರರ್’. ಅದು ಕಾಫಿ ಗಿಡದ ಕಾಂಡ ಕೊರೆಯುವ ಹುಳ. ಆ ಹೆಸರು ಕೇಳಿದರೆ ನಮ್ಮ ಕಡೆ ಎಂಥ ಪ್ಲಾಂಟರೂ ಬೆವರುತ್ತಾನೆ. ಬೋರು ಹೊಡೆಸುವವರು ಎಂದೂ ಅದನ್ನು ಓದಿಕೊಳ್ಳಬಹುದು ಅಂತ ನಮಗೆ ಹೊಳೆದಿದ್ದು, ಬೆಂಗಳೂರಿನ ಒಂದು ವೆಬ್ ಪತ್ರಿಕೆಯಲ್ಲಿ ನಮ್ಮ ಮೊದಲ ಆಲ್ಬಮ್ಮಿನ ವಿಮರ್ಶೆ ಬಂದ ಮೇಲೆ.

ವಿಮರ್ಶಕರು ಹೆಸರು ಹಿಡಿದುಕೊಂಡು ಒಂದಿಷ್ಟು ಆಟವಾಡಿ, ಆಮೇಲೆ ‘ರೈಟರ್’ ಎಂಬ ಹಾಡಿಗೆ ಬಂದಿದ್ದರು. “ಲೇಖಕನೊಬ್ಬನ ಏಕಾಂತದ ವೇದನೆ ಈ ಹಾಡಿನ ವಸ್ತು. ಆದರೆ ಗಾಯಕರಿಗೆ ಆ ವೇದನೆ ತಟ್ಟಿಯೇ ಇಲ್ಲ. ಹಾಜರಿ ಕೂಗಿದ ಹಾಗೆ ಹಾಡುತ್ತಾರೆ” ಎಂದು ಬರೆದಿದ್ದರು. ಗಾಯಕ ನಾನೇ.

ಮೈ ಉರಿದುಹೋಯಿತು. ಅಲ್ಲ ಸ್ವಾಮಿ, ಅದು ಹಾಜರಿಯೇ! ನಮ್ಮಲ್ಲಿ ರೈಟರ್ ಎಂದರೆ ಕಾದಂಬರಿ ಬರೆಯುವವನಲ್ಲ, ಎಸ್ಟೇಟಿನ ಗುಮಾಸ್ತ. ಬೆಳಗಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಮಸ್ಟರಿಗೆ ನಿಂತು ಕೆಲಸದವರ ಹೆಸರು ಕೂಗುತ್ತಾನೆ. ‘ಗಿರಿಜಾ... ಸುಶೀಲಾ... ಬಾಬು...’ ಹಣ್ಣು ಕೊಯ್ಯುವ ದಿನವೇ ಅರ್ಧ ಜನ ಗೋಣಿಬೀಡಿನ ಮದುವೆಗೆ ಹೋಗಿದ್ದರೂ ಅವನ ದನಿ ಏರುವುದಿಲ್ಲ, ಇಳಿಯುವುದಿಲ್ಲ. ವೇದನೆ ಏನಿದ್ದರೂ ಆಮೇಲೆ, ಮಾಲೀಕರ ಎದುರು ನಿಂತಾಗ. ಆ ಸಪ್ಪೆ ದನಿ ಹಿಡಿಯಲು ನಾನೆಷ್ಟು ಒದ್ದಾಡಿದ್ದೆ ಅಂತ ನನಗೆ ಗೊತ್ತು.

ಮನೆಯಲ್ಲಾದರೂ ಸಮಾಧಾನ ಸಿಗಬಹುದು ಅಂದುಕೊಂಡೆ. ಹೆಂಡತಿ ಉಮಾ ವಿಮರ್ಶೆಯನ್ನು ಪೂರ್ತಿ ಓದಿ, “ಬೇಜಾರು ಮಾಡ್ಕೋಬೇಡಿ, ನೀವು ಲಾಲಿ ಹಾಡಿದಾಗ್ಲೂ ಮಗು ಎದ್ದು ಕೂತ್ಕೊಳ್ತಿತ್ತು” ಎಂದಳು. ಊರವರದು ಇನ್ನೊಂದು ಬಗೆ. ಕೊಟ್ಟಿಗೆಹಾರದ ಹೋಟೆಲಿನವರು “ನಿಮ್ ವಿಷ್ಯ ಬಂದಿದ್ಯಂತಲ್ಲ, ಖುಷಿ ಆಯ್ತು” ಎನ್ನುತ್ತ ನೀರುದೋಸೆಗೆ ಮತ್ತೆ ಚಟ್ನಿ ಬಡಿಸಿದರು. ಬಂದಿದ್ದು ಬೈಗುಳ ಎಂದು ನಾನು ಹೇಳಲಿಲ್ಲ. ಚಟ್ನಿ ಚೆನ್ನಾಗಿತ್ತು.

ನಿಜವಾದ ಪೆಟ್ಟು ಕೊಟ್ಟವನು ನನ್ನ ಜತೆಯೇ ಓದಿದ, ನಮ್ಮ ಬ್ಯಾಂಡಿನ ಗಿಟಾರಿನ ಶರತ್. ಚಿಕ್ಕಮಗಳೂರಿನಲ್ಲಿ ನಮ್ಮ ಮೊದಲ ಕಾರ್ಯಕ್ರಮ ಹತ್ತಿರ ಬಂದಿತ್ತು. “ಮಾರಾಯ, ಸ್ವಲ್ಪ ಅಳು ಸೇರ್ಸು. ಇಲ್ಲಾಂದ್ರೆ ಆ ಹಾಡನ್ನೇ ಬಿಟ್‌ಬಿಡಣ. ಬರ್ದಿರೋರು ತಿಳ್ದೋರು” ಎಂದ.

“ತಿಳ್ದೋರು ಒಂದ್ಸಲ ಮಸ್ಟರಿಗೆ ಬಂದು ನಿಲ್ಲಲಿ. ನಾನು ಅಳೋದಿಲ್ಲ. ಹಾಡು ಬಿಟ್ರೆ ನನ್ನನ್ನೂ ಬಿಡಿ” ಎಂದುಬಿಟ್ಟೆ. ಅಂದಮೇಲೆ ಭಯವಾಯಿತು. ಬಿಟ್ಟೇಬಿಟ್ಟರೆ? ಈ ವಯಸ್ಸಿನಲ್ಲಿ ನನ್ನನ್ನು ಇನ್ಯಾವ ಬ್ಯಾಂಡು ಸೇರಿಸಿಕೊಳ್ಳುತ್ತದೆ? ವಾಲ್ವು, ವಾಷರುಗಳ ನಡುವೆ ನನಗಿದ್ದ ಸುಖ ಅದೊಂದೇ. ಶರತ್ ಗೊಣಗುತ್ತಲೇ ಒಪ್ಪಿಕೊಂಡ.

ವೇದಿಕೆಯ ಮೇಲೆ ಕೈಕಟ್ಟಿ ನಿಂತು, ಚೂರೂ ಭಾವ ಬೆರೆಸದೆ ಕೂಗಿದೆ, ‘ಗಿರಿಜಾ...’ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು “ಬಂದಿದೀನಿ!” ಎಂದಳು. ‘ಸುಶೀಲಾ’ ಎಂದರೆ ಇನ್ನೊಬ್ಬಳು “ರಜೆ!” ಎಂದಳು. ‘ಬಾಬು’ ಎಂದಾಗ ಯಾರೋ “ಮದ್ವೆಗೆ ಹೋಗಿದಾನೆ ರೈಟ್ರೇ!” ಎಂದು ಕೂಗಿದ್ದೇ ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಶರತ್ ಬಾರಿಸುವುದನ್ನೂ ಮರೆತು ನಗುತ್ತಿದ್ದ. ಆ ವಿಮರ್ಶಕರು ಇಲ್ಲಿರಬೇಕಿತ್ತು ಎಂದು ಹಲ್ಲು ಕಡಿದುಕೊಂಡೇ ಸಂತೋಷಪಟ್ಟೆ.

ಕೆಳಗಿಳಿದಾಗ ಬಾಬಾಬುಡನ್‌ಗಿರಿ ಕಡೆಯ ಹಿರಿಯ ಪ್ಲಾಂಟರೊಬ್ಬರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಎಂಥ ದನಿ ರೀ ನಿಮ್ದು! ಇಂಥೋರು ಈಗ ಸಿಗೋದೇ ಇಲ್ಲ” ಎಂದರು. ನಾನು ಉಬ್ಬಿಹೋಗಿ, ಕೇಳಿಸಿತಾ ಎನ್ನುವಂತೆ ಶರತ್ ಕಡೆ ನೋಡಿದೆ. ಅವರು ದನಿ ತಗ್ಗಿಸಿ, “ನಮ್ ರೈಟರ್ ಬಿಟ್ಟು ಹೋಗಿದಾನೆ. ಸೋಮವಾರದಿಂದ ಬರ್ತೀರಾ? ಕ್ವಾರ್ಟರ್ಸ್ ಇದೆ” ಎಂದರು.

ಆಲ್ಬಮ್ಮಿಗೆ ಈವರೆಗೆ ಬಂದಿರುವ ಒಳ್ಳೆಯ ವಿಮರ್ಶೆ ಅದೊಂದೇ. ಉಮಾಳಿಗೆ ಇನ್ನೂ ಹೇಳಿಲ್ಲ. ಹೋಗಿ ಬನ್ನಿ ಎಂದುಬಿಟ್ಟಾಳು.