ಗೂಢಚಾರನ ಕೊರಳಿಗೆ ಹಾರ

ಗೂಢಚಾರನ ಪಾತ್ರದಲ್ಲಿ ಕಂಪ್ಲಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ಹೊಟ್ಟೆಪಾಡಿಗೆ ರೈಸ್ ಮಿಲ್ಲಿನ ಗುಮಾಸ್ತನಾದರೂ, ಊರಿನ ನಾಟಕಗಳಲ್ಲಿ ಹದಿನೈದು ವರ್ಷ ನಾನೇ ಸ್ವಾಮಿನಿಷ್ಠ ಗೂಢಚಾರ. ರಾಜನ ಪಾತ್ರ ಯಾರೂ ಕೊಡಲಿಲ್ಲ, ಅದು ಬೇರೆ ಮಾತು. ಹಂಪಿಗೆ ಬಂದ ಟಿವಿ ಧಾರಾವಾಹಿಯವರು ನನ್ನನ್ನೇ ಗೂಢಚಾರನಾಗಿ ಆರಿಸಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡ ಮಾಡಿದರಲ್ಲ ಎಂದು ಬೇಸರವಾಯಿತು, ಅಷ್ಟೇ.

ನನಗೆ ಬೇಕಾಗಿದ್ದದ್ದು ಒಂದೇ. ನನ್ನ ಮುಖ ಟಿವಿಯಲ್ಲಿ ಬರಬೇಕು, ಅದನ್ನು ನನ್ನ ಹೆಂಡತಿ ಗೌರಮ್ಮ ನೋಡಬೇಕು. "ಬಣ್ಣ ಹಚ್ಕೊಂಡು ಏನು ಸಾಧಿಸಿದ್ರಿ?" ಎಂದು ಹದಿನೈದು ವರ್ಷ ಕೇಳಿದವಳ ಬಾಯಿ ಒಂದು ಸಲವಾದರೂ ಮುಚ್ಚಬೇಕು. ಓಣಿಗೆಲ್ಲ ಸುದ್ದಿ ಹೇಳಿಯೇ ಹಂಪಿಯ ಬಸ್ಸು ಹತ್ತಿದೆ.

ನನಗಿದ್ದದ್ದು ಒಂದೇ ದೃಶ್ಯ. ರಾಜನ ಕಿವಿಯ ಬಳಿ ಬಾಗಿ, "ಪ್ರಭು, ಶತ್ರುಗಳು ಹೊಳೆ ದಾಟಿದ್ದಾರೆ" ಎನ್ನಬೇಕು. ಅಂದೆ. ಮಂಟಪದ ಮೇಲಿದ್ದ ಕೋತಿಗಳು ಓಡಿಹೋದವು. ರಾಜ ಕಿವಿ ಮುಚ್ಚಿಕೊಂಡ.

"ನೀವು ಗೂಢಚಾರ ಕಣ್ರೀ, ಪಿಸುಗುಟ್ಟಿ" ಎಂದರು ಬೆಂಗಳೂರಿನ ನಿರ್ದೇಶಕರು.

"ಪಿಸುಗುಟ್ಟಿದ್ರ ಹಿಂದ ಕುಂತೋರಿಗೆ ಹೆಂಗ ಕೇಳಿಸ್ತದ ಸಾರ್?"

"ಹಿಂದೆ ಯಾರು ಕೂತಿದ್ದಾರೆ?"

ತಿರುಗಿ ನೋಡಿದೆ. ಬರೀ ಬಂಡೆಗಳಿದ್ದವು.

ನಾಲ್ಕು ಸಲ ತೆಗೆದರು. ನಾಲ್ಕು ಸಲವೂ ಶತ್ರುಗಳಿಗೇ ಕೇಳಿಸುವಂತೆ ಗುಟ್ಟು ಹೇಳಿದೆ. ಹದಿನೈದು ವರ್ಷ ಪಳಗಿದ ಗಂಟಲು, ನಾನೇನು ಮಾಡಲಿ?

ಐದನೇ ಸಲ ಬಾಗಿ ಬಾಯಿ ತೆರೆಯಬೇಕು, ಅಷ್ಟರಲ್ಲಿ ಕೊರಳಿಗೆ ಮೊಳಕಾಲು ಮುಟ್ಟುವ ಸುಗಂಧರಾಜದ ಹಾರ ಬಿತ್ತು. ನೋಡಿದರೆ ಗೌರಮ್ಮನ ತಮ್ಮ ವೀರೇಶ! ವಡ್ಡು ಎಂಬ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿರುವವನು, ಧೋತರ, ರುಮಾಲು, ಮುಖದ ತುಂಬ ಮೀಸೆ. ನಮ್ಮ ಕಡೆ ನಾಟಕದ ನಡುವೆಯೇ ಬೀಗರು ವೇದಿಕೆ ಹತ್ತಿ ಹಾರ ಹಾಕುತ್ತಾರೆ. ಸಾಯುತ್ತಿರುವ ರಾಜನೂ ಎದ್ದು ಕೂತು, ಹಾರ ಹಾಕಿಸಿಕೊಂಡು, ಕೈಮುಗಿದು, ಮತ್ತೆ ಮಲಗಿ ಪ್ರಾಣ ಬಿಡುತ್ತಾನೆ. ಆದರೆ ಇದು ಶೂಟಿಂಗ್ ಎಂದು ಇವನಿಗೆ ಹೇಳುವವರು ಯಾರು?

"ಯಾರ್ರೀ ಇವರು?" ನಿರ್ದೇಶಕರು ಕುರ್ಚಿಯಿಂದ ಎದ್ದರು.

ಸ್ವಾಮಿನಿಷ್ಠನಾದ ನಾನು ಹೇಳಿದೆ, "ಗೊತ್ತಿಲ್ಲ ಸಾರ್."

ವೀರೇಶ ನನ್ನ ಕಿವಿಯ ಬಳಿ ಬಾಗಿ, ತುಟಿ ಅಲುಗದ ಹಾಗೆ ಪಿಸುಗುಟ್ಟಿದ. "ಅಕ್ಕ ಕಳಿಸ್ಯಾಳ ಮಾವ. ಹಾರ ಹಾಕೋರಿಲ್ಲ ಅಂದ್ರ ನಿಮ್ಮ ಮರ್ಯಾದಿ ಏನಾಗಬೇಕು ಅಂದ್ಲು."

ನನಗೆ ನಿಜಕ್ಕೂ ನಾಚಿಕೆಯಾಯಿತು. ನಿರ್ದೇಶಕರಿಗೆ ಮಾತ್ರ ಬೇರೇನೋ ಆಗಿತ್ತು. ಅವರು ವೀರೇಶನನ್ನೇ ನೋಡುತ್ತಿದ್ದರು.

"ನಮ್ಮ ಅಷ್ಟೂ ಜನರ ಕಣ್ಣು ತಪ್ಪಿಸಿ, ಇಷ್ಟು ದೊಡ್ಡ ಹಾರ ಹಿಡ್ಕೊಂಡು ರಾಜನ ತನಕ ಬಂದಿದ್ದಾರೆ. ಪಿಸುಗುಟ್ಟೋದೂ ಬರುತ್ತೆ. ಇವರಿಗೇ ಕಂಬಳಿ ಹೊದಿಸಿ."

ನನ್ನ ಮೈಮೇಲಿದ್ದ ಗೂಢಚಾರನ ವೇಷದ ಕಂಬಳಿ ಅವನ ಮೈಗೆ ಹೋಯಿತು. ರಾಜನ ಹಿಂದೆ ಛತ್ರಿ ಹಿಡಿದು ನಿಲ್ಲುವ ಕೆಲಸ ನನಗೆ ಬಂತು. ವೀರೇಶನದು ಒಂದೇ ಸಲಕ್ಕೆ ಓಕೆ ಆಯಿತು.

ಧಾರಾವಾಹಿ ಬಂದ ದಿನ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರೆದವನು ನಾನೇ, ಬರಬೇಡಿ ಎನ್ನುವುದು ಹೇಗೆ? ಟಿವಿ ತುಂಬ ವೀರೇಶನ ಮೀಸೆ ಬಂತು. ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಲ್ಲಿ ಛತ್ರಿ ಹಿಡಿದ ಕೈ ಐತಲ್ಲ, ಅದು ನಂದು" ಎಂದೆ ಮೆಲ್ಲಗೆ.

ಅವಳು ಮುಂದೆ ಬಾಗಿ ನೋಡಿದಳು. "ಯಾಕ್ರಿ, ಕೈ ನಡುಗಾಕತ್ತೈತಿ?"

ಅವಳ ಬಾಯಿ ಮುಚ್ಚಲಿಲ್ಲ. ನನ್ನದು ಮುಚ್ಚಿತು.

ಮರುವರ್ಷ ನಮ್ಮೂರ ನಾಟಕದಲ್ಲೂ ಗೂಢಚಾರನ ಪಾತ್ರಕ್ಕೆ ವಡ್ಡಿನಿಂದ ವೀರೇಶನನ್ನೇ ಕರೆಸಿದರು. ನಡುವೆ ವೇದಿಕೆ ಹತ್ತಿ ಅವನಿಗೆ ಹಾರ ಹಾಕಿ ಇಳಿದವನು ನಾನು.